ಮಂಜೂರಾಗಿದ್ದು ಹಳೇ ಪಾಸ್‌ಪೋರ್ಟಿಗೆ: ಒಂದು ಇಟಿಎ ಪ್ರಕರಣ

2025ರ ಜೂನ್ 26, ಗುರುವಾರ ರಾತ್ರಿ. ಅಕ್ಕನ ಫೋನ್ ಬಂತು. ಶನಿವಾರ ಅವರ ಮನೆಯವರೆಲ್ಲ ಲಂಡನ್ನಿಗೆ ಹೊರಡುವವರಿದ್ದರು. ಆನ್‌ಲೈನ್ ಚೆಕ್-ಇನ್ ಆಗಷ್ಟೇ ತೆರೆದಿತ್ತು.

"ನಂದು ಆಯ್ತು ಕಣೋ. ನಿಮ್ಮ ಭಾವಂಗೆ ಕೌಂಟರಿನಲ್ಲಿ ವೀಸಾ ತೋರಿಸಿ ಅಂತ ಬಂತು. ಚಿನ್ನೀದು ಮಾತ್ರ ಏನೋ ಬೇರೆ ಬರ್ತಿದೆ. ಪ್ರಯಾಣದ ಅನುಮತಿ ಸಿಗ್ತಿಲ್ಲ ಅಂತೆ."

ಭಾವನಿಗೆ ಬಂದ ಸೂಚನೆ ಸಹಜವಾದದ್ದು. ವೀಸಾ ಇರುವವರ ಕಾಗದವನ್ನು ಕಣ್ಣಾರೆ ನೋಡಿಯೇ ಬೋರ್ಡಿಂಗ್ ಪಾಸ್ ಕೊಡುವುದು ಎಷ್ಟೋ ವಿಮಾನ ಸಂಸ್ಥೆಗಳ ಪದ್ಧತಿ. ಅಕ್ಕ ತನ್ನ ಮಗಳು ಚಿನ್ನಿಯದೂ ಅಂಥದ್ದೇ ಇರಬೇಕು ಅಂದುಕೊಂಡು, ಕೌಂಟರಿನಲ್ಲೇ ಕೇಳಿದರಾಯಿತು ಅಂತ ಮಲಗಲು ಹೊರಟಿದ್ದಳು. ಯಾಕೋ ಮನಸ್ಸು ತಡೆಯದೆ ನನಗೆ ಫೋನ್ ಮಾಡಿದಳು. ಮನೆಯಲ್ಲಿ ಫಾರಂ ತುಂಬುವ ಕೆಲಸ ಯಾವಾಗಲೂ ನಂದೇ.

"ಚಿನ್ನಿಯ ಇಟಿಎ ಯಾವ ಪಾಸ್‌ಪೋರ್ಟ್ ಮೇಲೆ ಮಾಡಿದ್ದೆ?" ಅಂತ ಕೇಳಿದೆ. ಆ ಪ್ರಯಾಣದ ಅನುಮತಿಗೇ ಇಟಿಎ ಅನ್ನುವುದು.

"ಅವಳ ಪಾಸ್‌ಪೋರ್ಟ್ ಮೇಲೇ."

"ಹಳೇದಾ, ಹೊಸದಾ?"

ಆ ಕಡೆ ಮಾತಿಲ್ಲ. ಡ್ರಾಯರ್ ಎಳೆದ ಸದ್ದು ಮಾತ್ರ ಕೇಳಿಸಿತು.

ಮುಂದಿನ ಒಂದು ದಿನದಲ್ಲಿ ನಡೆದದ್ದನ್ನೂ, ಅದಕ್ಕೆ ಮೂರು ತಿಂಗಳು ಮುಂಚೆಯೇ ಬಿದ್ದಿದ್ದ ಬೀಜವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಅಕ್ಕ, ಭಾವ ಇಬ್ಬರೂ ಓದುಬರಹ ಚೆನ್ನಾಗಿ ಬಲ್ಲವರು, ಕಾಗದಪತ್ರದ ವಿಷಯದಲ್ಲಿ ಜೋಪಾನ ಇರುವವರು. ಅಂಥವರಿಗೂ ಹೀಗಾಯಿತು ಅಂದರೆ ತಪ್ಪು ಅಜಾಗ್ರತೆಯದ್ದಲ್ಲ, ತಿಳಿವಳಿಕೆಯದ್ದು ಅಂತ ನನಗೆ ಬಲವಾಗಿ ಅನ್ನಿಸಿದೆ.

ಯಾರ ಕೈಯಲ್ಲಿ ಯಾವ ಪಾಸ್‌ಪೋರ್ಟ್

ಅಕ್ಕ ಮತ್ತು ಚಿನ್ನಿ ಆಸ್ಟ್ರೇಲಿಯಾದ ಪೌರರು. ಭಾವ ಅಲ್ಲಿನ ಕಾಯಂ ನಿವಾಸಿ, ಆದರೆ ಪಾಸ್‌ಪೋರ್ಟ್ ಭಾರತದ್ದು. ಚಿನ್ನಿಗೆ 7 ವರ್ಷ.

ಬ್ರಿಟನ್ ವಿಷಯಕ್ಕೆ ಬಂದರೆ, ಒಂದೇ ಮನೆಯ ಈ ಮೂವರಿಗೆ ಎರಡು ಬೇರೆ ದಾರಿ. ಭಾರತದ ಪಾಸ್‌ಪೋರ್ಟ್‌ಗೆ ವೀಸಾ ಬೇಕೇ ಬೇಕು. ಆಸ್ಟ್ರೇಲಿಯಾದಲ್ಲಿ ಎಷ್ಟು ವರ್ಷದಿಂದ ಇದ್ದರೂ ಅದು ಲೆಕ್ಕಕ್ಕಿಲ್ಲ. ಆಸ್ಟ್ರೇಲಿಯಾದ ಪಾಸ್‌ಪೋರ್ಟ್‌ಗೆ ವೀಸಾ ಬೇಡ, ಆದರೆ 2025ರ ಜನವರಿ 8ರಿಂದ ಇಟಿಎ ಬೇಕು.

ಇಟಿಎ ಅಂದರೆ ವಿದ್ಯುನ್ಮಾನ ಪ್ರಯಾಣ ಅನುಮತಿ. ವೀಸಾ ಬೇಡದ ದೇಶದವರು ಹೊರಡುವ ಮುಂಚೆಯೇ ತಮ್ಮ ವಿವರ ಕೊಟ್ಟು, ಹೊರಡಬಹುದು ಅನ್ನುವ ಒಪ್ಪಿಗೆ ಪಡೆದಿರಬೇಕು. ಈ ಪದ್ಧತಿ ಹೊಸದೇನಲ್ಲ. ಆಸ್ಟ್ರೇಲಿಯಾ 1996ರಲ್ಲೇ ತನ್ನಲ್ಲಿಗೆ ಬರುವವರಿಗೆ ಇದನ್ನು ಶುರು ಮಾಡಿತ್ತು. ಅಮೆರಿಕದ ಎಸ್ಟಾ 2009ರ ಜನವರಿ 12ರಿಂದ ಕಡ್ಡಾಯವಾಯಿತು. ಕೆನಡಾದ್ದು 2016ರಲ್ಲಿ, ನ್ಯೂಜಿಲೆಂಡಿನದು 2019ರ ಅಕ್ಟೋಬರಿನಲ್ಲಿ ಬಂತು. ಬ್ರಿಟನ್ 2023ರ ನವೆಂಬರಿನಲ್ಲಿ ಕತಾರಿನವರಿಂದ ಶುರು ಮಾಡಿ, 2025ರ ಜನವರಿಯಲ್ಲಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶದವರಿಗೂ, ಏಪ್ರಿಲ್ 2ರಿಂದ ಯುರೋಪಿನವರಿಗೂ ಹಬ್ಬಿಸಿತು. ಮಗುವಿಗೂ ಬೇರೆಯಾಗಿಯೇ ಇಟಿಎ ಬೇಕು. ಎಳೆ ಕೂಸಾದರೂ ಅಪ್ಪ ಅಮ್ಮನ ಅನುಮತಿಯಲ್ಲಿ ಸೇರಿಕೊಳ್ಳುವುದಿಲ್ಲ.

ಒಂದು ಸಲ ಮಂಜೂರಾದರೆ 2 ವರ್ಷ ನಡೆಯುತ್ತದೆ. ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು, ಒಂದೊಂದು ಸಲಕ್ಕೆ 6 ತಿಂಗಳವರೆಗೆ ಇರಬಹುದು. ಆದರೆ 2 ವರ್ಷದೊಳಗೆ ಪಾಸ್‌ಪೋರ್ಟ್ ಅವಧಿ ಮುಗಿದರೆ ಇಟಿಎ ಕೂಡ ಅವತ್ತೇ ಮುಗಿಯುತ್ತದೆ. ಈ ಕೊನೆಯ ಮಾತು ನಮ್ಮ ಪ್ರಕರಣದ ಬೇರು.

ಏಪ್ರಿಲ್ 5ರ ಅವಸರ

ಬ್ರಿಟನ್ ಇಟಿಎ ಶುಲ್ಕ ಮೊದಲು 10 ಪೌಂಡ್ ಇತ್ತು. 2025ರ ಏಪ್ರಿಲ್ 9ರಿಂದ 16 ಪೌಂಡ್ ಆಗುತ್ತದೆ ಅಂತ ಮೊದಲೇ ಹೇಳಿದ್ದರು. ಪ್ರಯಾಣ ಜೂನ್ ಕೊನೆಗೆ. ಹೇಗೂ ಬೇಕಾದದ್ದು, ಏರುವ ಮುಂಚೆ ಮಾಡಿಬಿಡೋಣ ಅಂತ ಏಪ್ರಿಲ್ 5ರ ಶನಿವಾರ ಅಕ್ಕ ಬ್ರಿಟನ್ ಸರ್ಕಾರದ ಆ್ಯಪಿನಲ್ಲಿ ಕೂತು ಎರಡು ಅರ್ಜಿ ಹಾಕಿದಳು. ಎರಡಕ್ಕೂ ಸ್ವಲ್ಪ ಹೊತ್ತಿನಲ್ಲೇ ಒಪ್ಪಿಗೆಯ ಇಮೇಲ್ ಬಂತು. ಎರಡನ್ನೂ ಫೋನಿನಲ್ಲಿ ಒಂದು ಫೋಲ್ಡರ್ ಮಾಡಿ ಇಟ್ಟಳು. ಮನಸ್ಸಿನ ಪಟ್ಟಿಯಲ್ಲಿ ಆ ಕೆಲಸದ ಮುಂದೆ ಗೀಟು ಬಿತ್ತು.

ಆವತ್ತು ಚಿನ್ನಿಯ ಪಾಸ್‌ಪೋರ್ಟ್‌ಗೆ ಇನ್ನು ಐದೂವರೆ ತಿಂಗಳು ಮಾತ್ರ ಬಾಕಿ ಇತ್ತು. ಅವಳು 2 ವರ್ಷದವಳಿದ್ದಾಗ ಮಾಡಿಸಿದ್ದು. ಆಸ್ಟ್ರೇಲಿಯಾದಲ್ಲಿ ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 22 ಕೊನೆಯ ದಿನ. ಬ್ರಿಟನ್ನಿಗೆ ಅದೇನೂ ತೊಡಕಲ್ಲ. ಅಲ್ಲಿ ಇರುವಷ್ಟು ದಿನ ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದರೆ ಸಾಕು. ಅಕ್ಕ ಇದನ್ನು ವಿಚಾರಿಸಿಯೇ ಮುಂದುವರಿದಿದ್ದಳು. ಆ ದಿನಕ್ಕೆ ಅವಳು ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ.

ಬದಲಾದದ್ದು ಮೇ ತಿಂಗಳಲ್ಲಿ. ಅಷ್ಟು ದೂರ ಹೋಗಿ ಬರೀ ಲಂಡನ್ ನೋಡಿಕೊಂಡು ಬರುವುದೇನು, ಪ್ಯಾರಿಸ್ಸಿಗೂ ಹೋಗೋಣ ಅಂತ ಭಾವ ಅಂದರು. ಜುಲೈ 17ಕ್ಕೆ ಫ್ರಾನ್ಸಿನಿಂದ ವಾಪಸ್ ಅಂತ ಲೆಕ್ಕ ಹಾಕಿದರು. ಅಲ್ಲಿನ ನಿಯಮ ಬೇರೆ. ಫ್ರಾನ್ಸ್ ಸೇರಿರುವ ಯುರೋಪಿನ ಷೆಂಗೆನ್ ಗುಂಪಿನ ದೇಶಗಳನ್ನು ಬಿಡುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಜುಲೈ 17ರ ಮೇಲೆ ಮೂರು ತಿಂಗಳು ಅಂದರೆ ಅಕ್ಟೋಬರ್ 17. ಚಿನ್ನಿಯದು ಸೆಪ್ಟೆಂಬರಿಗೇ ಮುಗಿಯುತ್ತದೆ. ಹಾಗಾಗಿ ಹೊಸ ಪಾಸ್‌ಪೋರ್ಟ್‌ಗೆ ಹಾಕಿದರು. ಜೂನ್ ಮೊದಲ ವಾರದಲ್ಲಿ ಹೊಸದು ಕೈಗೆ ಬಂತು, ಹೊಸ ಸಂಖ್ಯೆಯೊಂದಿಗೆ. ಹಳೆಯದು ರದ್ದಾಯಿತು.

ಇಟಿಎ ಹಳೆಯ ಸಂಖ್ಯೆಯ ಮೇಲೇ ಉಳಿಯಿತು.

ಫ್ರಾನ್ಸಿಗೂ ಹೀಗೊಂದು ಅನುಮತಿ ಬೇಕಾಗಿದ್ದರೆ ಬಹುಶಃ ಆ ನೆಪದಲ್ಲಾದರೂ ನೆನಪಾಗುತ್ತಿತ್ತು. ಆದರೆ ಯುರೋಪಿನ ಇಟಿಯಾಸ್ ಆಗಿನ್ನೂ ಶುರುವಾಗಿರಲಿಲ್ಲ. ಅಕ್ಕನಿಗೂ ಚಿನ್ನಿಗೂ ಪಾಸ್‌ಪೋರ್ಟ್ ಒಂದಿದ್ದರೆ ಸಾಕಿತ್ತು.

ಮನೆಯವರ ಗಮನವೆಲ್ಲ ಭಾವನ ಮೇಲಿತ್ತು ಅನ್ನುವುದನ್ನೂ ಹೇಳಬೇಕು. ಅವರಿಗೆ ಬ್ರಿಟನ್ ವೀಸಾ ಬೇರೆ, ಷೆಂಗೆನ್ ವೀಸಾ ಬೇರೆ. ಬ್ಯಾಂಕ್ ಸ್ಟೇಟ್‌ಮೆಂಟು, ಕೆಲಸದ ಪತ್ರ, ಬೆರಳಚ್ಚು, ಫೋಟೊ, ಎರಡೆರಡು ಸಲ ಅಪಾಯಿಂಟ್‌ಮೆಂಟು. ಪಾಸ್‌ಪೋರ್ಟ್ ಒಂದು ಕಡೆಯಿಂದ ವಾಪಸ್ ಬಂದ ಮೇಲೇ ಇನ್ನೊಂದು ಕಡೆ ಕೊಡಬೇಕು. ಊಟಕ್ಕೆ ಕೂತರೂ ಅದೇ ಮಾತು. ಭಾರದ ಕೆಲಸ ಎಲ್ಲರ ಕಣ್ಣೆದುರಿಗಿತ್ತು. ಹತ್ತು ನಿಮಿಷದಲ್ಲಿ ಮುಗಿದ ಹಗುರ ಕೆಲಸವನ್ನು ಮತ್ತೆ ತಿರುಗಿ ನೋಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಎರಡೂ ಪಾಸ್‌ಪೋರ್ಟ್ ಒಯ್ದರೆ ಆಗಲ್ವಾ?

ಆ ರಾತ್ರಿ ಅಕ್ಕ ಡ್ರಾಯರಿನಿಂದ ತೆಗೆದ ಹಳೆಯ ಪಾಸ್‌ಪೋರ್ಟ್ ಸಂಖ್ಯೆಯನ್ನು ನನಗೆ ಓದಿ ಹೇಳಿದಳು. ಏಪ್ರಿಲಿನ ಇಮೇಲಿನಲ್ಲಿ ಇದ್ದದ್ದೂ ಅದೇ. ಅಂದರೆ ಚಿನ್ನಿಯ ಹೆಸರಿನಲ್ಲಿ ಅನುಮತಿ ಇದೆ, ಆದರೆ ಅವಳ ಕೈಯಲ್ಲಿರುವ ಪಾಸ್‌ಪೋರ್ಟ್‌ಗೆ ಇಲ್ಲ.

ಭಾವ ಪಕ್ಕದಲ್ಲೇ ಇದ್ದರು. ಫೋನ್ ಸ್ಪೀಕರಿನಲ್ಲಿತ್ತು. "ಅದಕ್ಕೇನೀಗ, ಎರಡೂ ಪಾಸ್‌ಪೋರ್ಟ್ ಒಯ್ದರಾಯ್ತು. ನಾನು ಅಮೆರಿಕಕ್ಕೆ ಹೋದಾಗ ವೀಸಾ ಹಳೇದರಲ್ಲಿತ್ತು. ಎರಡನ್ನೂ ತೋರಿಸಿದೆ, ಬಿಟ್ಟರಲ್ಲ" ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ಪಾಸ್‌ಪೋರ್ಟ್ ಮುಗಿದಿದ್ದರೂ ಅದರಲ್ಲಿ ಅಂಟಿಸಿದ ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ, ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ತೋರಿಸಿ ಹೋಗಬಹುದು. ನನಗೆ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಕ್ಷಣ ಇದೇ. ಭಾವ ಇಟಿಎಯನ್ನು ವೀಸಾದ ತಮ್ಮನ ಹಾಗೆ ನೋಡುತ್ತಿದ್ದರು. ಅವರ ಅನುಭವವೇ ಅವರನ್ನು ತಪ್ಪು ದಾರಿಗೆ ಎಳೆಯುತ್ತಿತ್ತು.

ವೀಸಾ ಸ್ಟಿಕರ್ ಅಂದರೆ ಒಂದು ವಸ್ತು. ಪುಟದ ಮೇಲೆ ಅಂಟಿಕೊಂಡಿದೆ. ಕೌಂಟರಿನವರು ಬೆರಳಿಟ್ಟು ನೋಡುತ್ತಾರೆ, ಹೆಸರು ಓದುತ್ತಾರೆ, ಎರಡು ಪಾಸ್‌ಪೋರ್ಟಿನ ಫೋಟೊ ಹೋಲಿಸುತ್ತಾರೆ. ಅಲ್ಲಿ ಮನುಷ್ಯರ ಕಣ್ಣಿದೆ. ಇಟಿಎಗೆ ಸ್ಟಿಕರೂ ಇಲ್ಲ, ಮುದ್ರೆಯೂ ಇಲ್ಲ. ಇಮೇಲ್ ಬರುತ್ತದಲ್ಲ, ಅದು ಬರೀ ಸುದ್ದಿ. ನಿಜವಾದ ಅನುಮತಿ ಇರುವುದು ಸರ್ಕಾರದ ಕಂಪ್ಯೂಟರಿನ ಒಂದು ಸಾಲಿನಲ್ಲಿ, ಪಾಸ್‌ಪೋರ್ಟಿನ ಸಂಖ್ಯೆಗೆ ಕಟ್ಟಿಕೊಂಡು.

ಪರಿಶೀಲನೆಯೂ ಹಾಗೇ ನಡೆಯುತ್ತದೆ. ಚೆಕ್-ಇನ್ ಹೊತ್ತಿಗೆ ವಿಮಾನ ಸಂಸ್ಥೆ ಪ್ರಯಾಣಿಕರ ಹೆಸರು, ಹುಟ್ಟಿದ ದಿನ, ದೇಶ, ಪಾಸ್‌ಪೋರ್ಟ್ ಸಂಖ್ಯೆಯನ್ನು ಹೋಗುವ ದೇಶದ ವ್ಯವಸ್ಥೆಗೆ ಕಳಿಸುತ್ತದೆ. ಅಲ್ಲಿಂದ ಹೂಂ ಅಥವಾ ಉಹೂಂ ಅಂತ ಉತ್ತರ ಬರುತ್ತದೆ. ಹೊಸ ಸಂಖ್ಯೆ ಕಳಿಸಿದರೆ ಅದಕ್ಕೆ ಇಟಿಎ ಇಲ್ಲ. ಹಳೆಯ ಸಂಖ್ಯೆ ಕಳಿಸಿದರೆ ಇಟಿಎ ಇದೆ, ಆದರೆ ಆ ಪಾಸ್‌ಪೋರ್ಟೇ ರದ್ದಾಗಿದೆ. ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ನಿಂತರೆ ಒಂದರ ಜೀವ ಇನ್ನೊಂದಕ್ಕೆ ಹೋಗುವುದಿಲ್ಲ. ಬ್ರಿಟನ್ ಒಂದೇ ಅಲ್ಲ, ಅಮೆರಿಕದ ಎಸ್ಟಾ, ಕೆನಡಾದ ಇಟಿಎ ಎರಡರಲ್ಲೂ ಪಾಸ್‌ಪೋರ್ಟ್ ಬದಲಾದರೆ ಮೊದಲಿನಿಂದ ಅರ್ಜಿ ಹಾಕಲೇಬೇಕು. ಕೆನಡಾದ್ದು 5 ವರ್ಷ ನಡೆಯುವುದರಿಂದ ಮಧ್ಯೆ ಪಾಸ್‌ಪೋರ್ಟ್ ಬದಲಾಗುವ ಸಂಭವ ಅಲ್ಲಿ ಇನ್ನೂ ಜಾಸ್ತಿ.

ಇದನ್ನು ಭಾವನಿಗೆ ಬಿಡಿಸಿ ಹೇಳಲು ನನಗೆ ಹತ್ತು ನಿಮಿಷ ಹಿಡಿಯಿತು. ಕೊನೆಗೆ ಅವರೇ ಒಂದು ಮಾತಿನಲ್ಲಿ ಹೇಳಿದರು: "ಅಂದ್ರೆ ಅನುಮತಿ ಸಿಕ್ಕಿದ್ದು ಚಿನ್ನಿಗಲ್ಲ, ಆ ಪುಸ್ತಕಕ್ಕೆ." ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಒಂದು ವಿಷಯದಲ್ಲಿ ಅದೃಷ್ಟ ನಮ್ಮ ಕಡೆ ಇತ್ತು. ಟಿಕೆಟ್ ಬುಕಿಂಗಿನಲ್ಲಿ ಪಾಸ್‌ಪೋರ್ಟ್ ವಿವರವನ್ನು ಅಕ್ಕ ತುಂಬಿದ್ದು ಜೂನ್ ಮಧ್ಯದಲ್ಲಿ, ಹೊಸದು ಬಂದ ಮೇಲೆ. ಅದಕ್ಕೇ ಆನ್‌ಲೈನ್ ಚೆಕ್-ಇನ್‌ನಲ್ಲೇ ತೊಡಕು ಗೊತ್ತಾಯಿತು. ಏಪ್ರಿಲಿನಲ್ಲೇ ಹಳೆಯ ಸಂಖ್ಯೆ ತುಂಬಿ ಮರೆತಿದ್ದರೆ, ಮನೆಯಲ್ಲಿ ಕೂತಾಗ ಎಲ್ಲ ಸರಿ ಅಂತಲೇ ಬರಬಹುದಿತ್ತು. ಶನಿವಾರ ಕೌಂಟರಿನಲ್ಲಿ ಹೊಸ ಪಾಸ್‌ಪೋರ್ಟನ್ನು ಯಂತ್ರದ ಮೇಲೆ ಎಳೆದಾಗ ಗೊತ್ತಾಗುತ್ತಿತ್ತು. ವಿಮಾನಕ್ಕೆ ಆಗ ಎರಡೋ ಮೂರೋ ಗಂಟೆ ಇರುತ್ತಿತ್ತು. ಗುರುವಾರ ರಾತ್ರಿ ಅಂದರೆ ಇನ್ನೂ ಎರಡು ದಿನ ಕೈಯಲ್ಲಿತ್ತು.

ಅರ್ಧ ತುಂಬಿದ ಇನ್ನೊಂದು ಅರ್ಜಿ

ಮಂಜೂರಾದ ಇಟಿಎಯಲ್ಲಿ ಪಾಸ್‌ಪೋರ್ಟ್ ಸಂಖ್ಯೆ ತಿದ್ದಲು ಬರುವುದಿಲ್ಲ. ಹೊಸ ಅರ್ಜಿ, ಹೊಸ ಶುಲ್ಕ. ಅಷ್ಟು ತೀರ್ಮಾನವಾಗಿ ನಾನು ಫೋನ್ ಇಟ್ಟೆ. ಆ್ಯಪಿನಲ್ಲೇ ಮಾಡು ಅಂತ ಅಕ್ಕನಿಗೆ ಹೇಳಿದ್ದೆ. ಅವಳು ಚಿನ್ನಿಯ ಹೊಸ ಪಾಸ್‌ಪೋರ್ಟ್ ಹುಡುಕಲು ಒಳಗೆ ಹೋದ ಹೊತ್ತಿನಲ್ಲಿ, ಕೆಲಸ ಬೇಗ ಆಗಲಿ ಅಂತ ಭಾವ ತಮ್ಮ ಲ್ಯಾಪ್‌ಟಾಪಿನಲ್ಲಿ ಗೂಗಲ್ ಮಾಡಿ ಮೊದಲು ಕಂಡದ್ದನ್ನು ತೆರೆದರು.

ಹತ್ತು ನಿಮಿಷ ಬಿಟ್ಟು ಅವರಿಂದ ನನಗೊಂದು ಸ್ಕ್ರೀನ್‌ಶಾಟ್ ಬಂತು. "ಶುಲ್ಕ ಇಷ್ಟಾಗಿದೆಯಲ್ಲ, ನೀನು 16 ಅಂದೆ?"

ನೋಡಿದೆ. ಬ್ರಿಟನ್ ಬಾವುಟದ ಬಣ್ಣ, ಸರ್ಕಾರಿ ಪುಟದಂಥದ್ದೇ ಅಕ್ಷರ, ಮೇಲೆ ದೊಡ್ಡದಾಗಿ ಇಟಿಎ ಅಂತ. ಕೇಳಿದ ಹಣ 16 ಪೌಂಡಿನ ಐದು ಪಟ್ಟಿಗೂ ಮೇಲೆ. 'ತುರ್ತು ಸೇವೆ' ಅಂತ ಬೇರೆ ಇತ್ತು. ಪುಟದ ತೀರ ಕೆಳಗೆ, ಸಣ್ಣ ಅಕ್ಷರದಲ್ಲಿ, ತಾವು ಸರ್ಕಾರಕ್ಕೆ ಸೇರಿದವರಲ್ಲ ಅನ್ನುವ ಸಾಲು. ಚಿನ್ನಿಯ ಹೆಸರು, ಹುಟ್ಟಿದ ದಿನ, ಮನೆ ವಿಳಾಸ ಎಲ್ಲ ಆಗಲೇ ತುಂಬಿಬಿಟ್ಟಿದ್ದರು. ಕಾರ್ಡ್ ಸಂಖ್ಯೆ ಒಂದು ಬಾಕಿ ಇತ್ತು.

ಭಾವ ಕೋಪದಲ್ಲಿದ್ದರು, ನಾನು ಸಮಾಧಾನ ಹೇಳಿದೆ. ಎಷ್ಟು ಜನ ಈ ಪುಟಗಳಲ್ಲಿ ಹಣ ಕೊಟ್ಟಿದ್ದಾರೋ. ಇಂಥವರಲ್ಲಿ ಕೆಲವರು ನಿಜವಾಗಿಯೂ ನಮ್ಮ ಪರವಾಗಿ ಅರ್ಜಿ ಹಾಕಿಕೊಡುತ್ತಾರೆ, ನಡುವೆ ಕಮಿಷನ್ ಇಟ್ಟುಕೊಳ್ಳುತ್ತಾರೆ. ಕೆಲವರು ಹಣ ತಗೊಂಡು ಸುಮ್ಮನಾಗುತ್ತಾರೆ. ಇಬ್ಬರಲ್ಲಿ ಯಾರು ಅಂತ ಗೊತ್ತಾಗುವುದು ಹಣ ಹೋದ ಮೇಲೆ. ಮೊದಲನೆಯವರಿಂದಲೂ ಬೇಗ ಆಗುವುದಿಲ್ಲ, ಯಾಕೆಂದರೆ ಅವರೂ ಅದೇ ಸರ್ಕಾರಿ ಅರ್ಜಿಯನ್ನೇ ತುಂಬಬೇಕು. ಹಣ ಕೊಟ್ಟು ಸರತಿ ಮುರಿಯಲು ಅಲ್ಲಿ ಬೇರೆ ಕಿಟಕಿ ಇಲ್ಲ.

ಗುರುತಿಸುವುದು ಹೇಗೆ ಅಂತ ಭಾವ ಕೇಳಿದರು. ಬ್ರಿಟನ್ ಸರ್ಕಾರದ ವಿಳಾಸ 'ಗವ್ ಡಾಟ್ ಯುಕೆ' ಅಂತ ಮುಗಿಯುತ್ತದೆ. ಹೆಸರಿನ ಮಧ್ಯದಲ್ಲಿ ಎಲ್ಲೋ 'ಗವ್' ಅಂತ ಇದ್ದು ಕೊನೆಯಲ್ಲಿ 'ಡಾಟ್ ಕಾಮ್' ಇದ್ದರೆ ಅದು ಸರ್ಕಾರದ್ದಲ್ಲ. ನಾನು ಮಾಡುವುದು ಇಷ್ಟು: ಹುಡುಕುವ ಕಿಟಕಿಗೇ ಹೋಗುವುದಿಲ್ಲ, ವಿಳಾಸವನ್ನು ಕೈಯಿಂದಲೇ ಟೈಪ್ ಮಾಡಿ ಸರ್ಕಾರದ ಪುಟಕ್ಕೆ ಹೋಗುತ್ತೇನೆ. ಆ್ಯಪ್ ಬೇಕಾದರೂ ಆ ಪುಟದಲ್ಲಿರುವ ಕೊಂಡಿಯಿಂದಲೇ ಇಳಿಸಿಕೊಳ್ಳುತ್ತೇನೆ. ಅವಸರದಲ್ಲಿರುವ ಮನುಷ್ಯ ಮೊದಲು ಕಂಡದ್ದನ್ನು ಒತ್ತುತ್ತಾನೆ. ಮೊದಲ ಜಾಗ ಜಾಹೀರಾತಿನದ್ದು.

ಚಿಪ್ ತೆರೆಯುವ ಎರಡು ಸಾಲು

ಅಕ್ಕ ಆ್ಯಪ್ ತೆರೆದಳು. ಈಗ ವಿಡಿಯೊ ಕರೆಯಲ್ಲಿ ನಾನೂ ನೋಡುತ್ತಿದ್ದೆ.

ಮೊದಲು ಪಾಸ್‌ಪೋರ್ಟಿನ ಫೋಟೊ ಪುಟವನ್ನು ಕ್ಯಾಮೆರಾದಿಂದ ತೆಗೆಯಬೇಕು. ಆ ಪುಟದ ಕೆಳಗೆ ಎರಡು ಉದ್ದ ಸಾಲು ಇರುತ್ತವಲ್ಲ, ಬಾಣದ ಮೊನೆಯಂಥ ಗುರುತು ತುಂಬಿರುವುದು, ಅವು ಯಂತ್ರ ಓದುವ ಸಾಲುಗಳು. ಒಂದೊಂದರಲ್ಲಿ 44 ಜಾಗ. ಎರಡನೇ ಸಾಲಿನ ಮೊದಲ 9 ಜಾಗ ಪಾಸ್‌ಪೋರ್ಟ್ ಸಂಖ್ಯೆಗೆ. ಹತ್ತನೆಯದು ತಾಳೆ ನೋಡುವ ಅಂಕಿ. ಆ ಸಂಖ್ಯೆಯಲ್ಲಿ ಒಂದಕ್ಷರ ತಪ್ಪಾಗಿ ಓದಿದರೂ ಸಾಮಾನ್ಯವಾಗಿ ಈ ಅಂಕಿಯ ಲೆಕ್ಕ ಕೂಡುವುದಿಲ್ಲ, ಯಂತ್ರಕ್ಕೆ ಗೊತ್ತಾಗುತ್ತದೆ. ಕೈಯಿಂದ ಬರೆದುಕೊಳ್ಳುವವರು ಈ ಹತ್ತನೇ ಅಂಕಿಯನ್ನೂ ಸೇರಿಸಿ ಸಂಖ್ಯೆ ತಪ್ಪು ಮಾಡುವುದುಂಟು. ಸಂಖ್ಯೆ ಬೇಕಾದರೆ ಪುಟದ ಮೇಲ್ಭಾಗದಲ್ಲಿ ಅಚ್ಚಾಗಿರುವುದನ್ನೇ ನೋಡಬೇಕು. ಅಲ್ಲೂ ಸೊನ್ನೆ ಮತ್ತು 'ಓ' ಅಕ್ಷರದ ಮೇಲೆ ಒಂದು ಕಣ್ಣಿರಲಿ.

ಅಕ್ಕನ ಟ್ಯೂಬ್‌ಲೈಟ್ ಪುಟದ ಮೇಲೆ ಬಿದ್ದು ಹೊಳೆಯುತ್ತಿತ್ತು. ಮೂರು ಸಲ ಕ್ಯಾಮೆರಾ ಒಪ್ಪಲಿಲ್ಲ. ಪಾಸ್‌ಪೋರ್ಟನ್ನು ಮೇಜಿನ ಮೇಲಿಂದ ಎತ್ತಿ ಕಿಟಕಿ ಪಕ್ಕದ ಮಂದ ಬೆಳಕಿಗೆ ಒಯ್ದಾಗ ಒಪ್ಪಿತು.

ಆಮೇಲೆ ಪಾಸ್‌ಪೋರ್ಟಿನೊಳಗಿನ ಚಿಪ್. ಫೋನನ್ನು ಪಾಸ್‌ಪೋರ್ಟ್ ಮೇಲೆ ಒತ್ತಿ ಇಡಬೇಕು. ಚಿಪ್ ಸುಮ್ನೆ ಯಾರಿಗೂ ಬಾಯಿ ಬಿಡುವುದಿಲ್ಲ. ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ, ಈ ಮೂರೂ ಗೊತ್ತಿದ್ದವರಿಗೆ ಮಾತ್ರ ತೆರೆದುಕೊಳ್ಳುತ್ತದೆ. ಕ್ಯಾಮೆರಾ ಆಗ ಓದಿದ ಸಾಲಿನಲ್ಲಿ ಈ ಮೂರೂ ಇವೆ. ಆ ಸಾಲೇ ಬೀಗದ ಕೈ. ದಪ್ಪ ಕವರ್ ಹಾಕಿದ ಫೋನಿಗೆ ಚಿಪ್ ಸಿಗುತ್ತಿರಲಿಲ್ಲ. ಕವರ್ ತೆಗೆಸಿದೆ. ಮೇಲಿಂದ ಕೆಳಕ್ಕೆ ಬೆರಳಗಲದಷ್ಟು ಜರುಗಿಸಿ, ಸ್ವಲ್ಪ ಹೊತ್ತು ಅಲುಗಾಡಿಸದೆ ಇಡು ಅಂದೆ. ನಾಲ್ಕನೇ ಜಾಗದಲ್ಲಿ ಫೋನ್ ಗುರ್ ಅಂತ ನಡುಗಿತು. ಪರದೆಯ ಮೇಲೆ ಗೀಟು ಸರಿಯುತ್ತಾ ಹೋಯಿತು. ಅಕ್ಕ ಉಸಿರು ಬಿಗಿಹಿಡಿದಿದ್ದಳು, ನಾನೂ ಅಷ್ಟೇ.

ಚಿನ್ನಿ ಮಲಗಿಬಿಟ್ಟಿದ್ದಳು. ಫೋಟೊ ಬೇಕಲ್ಲ, ಎಬ್ಬಿಸಿದರು. ಪಾಸ್‌ಪೋರ್ಟಿನ ಫೋಟೊವನ್ನೇ ಮತ್ತೆ ಫೋಟೊ ತೆಗೆದು ಹಾಕೋಣ್ವಾ ಅಂತ ಭಾವ ಕೇಳಿದರು. ಹಾಗೆ ಹಾಕುವಂತಿಲ್ಲ, ಈಗಿನ ಫೋಟೊವೇ ಬೇಕು. ನಿದ್ದೆಗಣ್ಣಿನ ಹುಡುಗಿಯನ್ನು ಗೋಡೆಗೆ ನಿಲ್ಲಿಸಿ, ಹಣೆಯ ಕೂದಲು ಹಿಂದೆ ಸರಿಸಿ, ಕಣ್ಣು ಪೂರ್ತಿ ಬಿಡುವ ತನಕ ಕಾದು ತೆಗೆದರು. ಇನ್ನು ಕೇಳಿದ ಪ್ರಶ್ನೆಗಳಿಗೆ ಅಕ್ಕ ಉತ್ತರ ಕೊಟ್ಟಳು, ಹಣ ಕಟ್ಟಿದಳು, ಮುಗಿಯಿತು.

ಕಳಿಸು ಅನ್ನುವ ಗುಂಡಿ ಒತ್ತುವ ಮುಂಚೆ ಒಂದು ಕೆಲಸ ಮಾಡಿಸಿದೆ. ಹಳೆಯ ಪಾಸ್‌ಪೋರ್ಟನ್ನು ಬೇರೆ ಕೋಣೆಯಲ್ಲಿ ಇಟ್ಟು ಬಾ ಅಂದೆ. ಹೊಸದನ್ನು ಭಾವ ಕೈಯಲ್ಲಿ ಹಿಡಿದು ಸಂಖ್ಯೆ ಗಟ್ಟಿಯಾಗಿ ಓದಿದರು, ಅಕ್ಕ ಪರದೆಯ ಮೇಲಿನದನ್ನು ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿದಳು. ಇಬ್ಬರು ಬೇಕು ಇದಕ್ಕೆ. ಒಬ್ಬರೇ ನೋಡಿದರೆ ಕಣ್ಣು ತನಗೆ ಬೇಕಾದದ್ದನ್ನೇ ಓದುತ್ತದೆ.

ಕಾಯುವುದು

ಏಪ್ರಿಲಿನಲ್ಲಿ ನಿಮಿಷಗಳಲ್ಲಿ ಬಂದಿತ್ತು. ಈ ಸಲವೂ ಹಾಗೇ ಬರುತ್ತದೆ ಅಂದುಕೊಂಡೆವು. ಬರಲಿಲ್ಲ. ಮಧ್ಯರಾತ್ರಿ ದಾಟಿತು. ಬೆಳಗಾಯಿತು. ಉತ್ತರ ಇಲ್ಲ.

ಸಾಮಾನ್ಯವಾಗಿ 3 ಕೆಲಸದ ದಿನದೊಳಗೆ ತೀರ್ಮಾನ ಬರುತ್ತದೆ ಅಂತ ಆಗ ಸರ್ಕಾರದ ಪುಟದಲ್ಲೇ ಇತ್ತು. ಬಹಳಷ್ಟು ಜನಕ್ಕೆ ಬೇಗ ಬರುವುದರಿಂದ, ಬೇಗ ಬರುವುದೇ ನಿಯಮ ಅಂತ ನಾವೆಲ್ಲ ತಿಳಿದುಬಿಟ್ಟಿದ್ದೇವೆ. ಶುಕ್ರವಾರ ಒಂದು ಕೆಲಸದ ದಿನ. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಮೂರು ದಿನ ಪೂರ್ತಿ ಹಿಡಿದರೆ ವಿಮಾನ ಹೋಗಿರುತ್ತದೆ.

ಬೆಳಗ್ಗೆ ಭಾವ ಇನ್ನೊಂದು ಅರ್ಜಿ ಹಾಕಿಬಿಡೋಣ ಅಂದರು. ನಾನು ಬೇಡ ಅಂದೆ. ಒಂದೇ ಪಾಸ್‌ಪೋರ್ಟ್ ಮೇಲೆ ಎರಡು ಅರ್ಜಿ ಇದ್ದರೆ ಒಂದನ್ನೊಂದು ತಡೆಯಬಹುದು ಅನ್ನುವ ಭಯ ನನ್ನದು. ಈಗಲೂ ಅದೇ ಸರಿ ಅನ್ನಿಸುತ್ತದೆ. ಅದರ ಬದಲು ಅವರಿಗೆ ಬೇರೆ ಕೆಲಸ ಕೊಟ್ಟೆ. ಟಿಕೆಟ್ ಒಂದು ದಿನ ಮುಂದೂಡಿದರೆ ಎಷ್ಟಾಗುತ್ತದೆ, ಎಷ್ಟು ಗಂಟೆಯೊಳಗೆ ಹೇಳಬೇಕು, ಮೂವರದ್ದೂ ಮುಂದೂಡಬೇಕಾ ಅಂತ ವಿಮಾನ ಸಂಸ್ಥೆಗೆ ಫೋನ್ ಮಾಡಿ ಕೇಳಿ, ಬರೆದಿಟ್ಟುಕೊಳ್ಳಿ ಅಂದೆ. ಕೈಯಲ್ಲಿ ಒಂದು ಎರಡನೇ ದಾರಿ ಇದ್ದರೆ ಕಾಯುವುದು ಸ್ವಲ್ಪ ಸಹಿಸಬಹುದು. ಅಕ್ಕ ಇಮೇಲಿನ ಸ್ಪ್ಯಾಮ್ ಫೋಲ್ಡರನ್ನೂ ಸೇರಿಸಿ ಗಂಟೆಗೊಮ್ಮೆ ನೋಡುತ್ತಿದ್ದಳು. ಚಿನ್ನಿಗೆ ಏನೂ ಹೇಳಿರಲಿಲ್ಲ. ಅವಳು ತನ್ನ ಪುಟ್ಟ ಸೂಟ್‌ಕೇಸಿನ ಚಕ್ರ ಉರುಳಿಸಿಕೊಂಡು ಮನೆ ತುಂಬ ಓಡಾಡುತ್ತಿದ್ದಳಂತೆ. ಆ ಸದ್ದೇ ತನಗೆ ತಡೆಯಲಾಗಲಿಲ್ಲ ಅಂತ ಅಕ್ಕ ಆಮೇಲೆ ಹೇಳಿದಳು.

ಶುಕ್ರವಾರ ಮಧ್ಯಾಹ್ನ ಇಮೇಲ್ ಬಂತು. ಮಂಜೂರಾಗಿತ್ತು. ಅಕ್ಕ ನನಗೆ ಕಳಿಸಿದ್ದು ಹೆಸರಿನ ಭಾಗವನ್ನಲ್ಲ, ಪಾಸ್‌ಪೋರ್ಟ್ ಸಂಖ್ಯೆ ಇರುವ ಭಾಗವನ್ನು. ಅದರ ಪಕ್ಕದಲ್ಲಿ ಹೊಸ ಪಾಸ್‌ಪೋರ್ಟ್ ಇಟ್ಟು ತೆಗೆದ ಫೋಟೊ.

ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ಚಿನ್ನಿಯ ಪಾಸ್‌ಪೋರ್ಟನ್ನು ಯಂತ್ರಕ್ಕೆ ಎಳೆದಳು, ಪರದೆ ನೋಡಿದಳು, ಬೋರ್ಡಿಂಗ್ ಪಾಸ್ ಹೊರಬಂತು. ಏನೂ ಕೇಳಲಿಲ್ಲ. ಭಾವನ ವೀಸಾ ನೋಡಲು ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಅಕ್ಕ ಇಮೇಲುಗಳನ್ನು ಮುದ್ರಿಸಿ ಕೈಯಲ್ಲಿ ಹಿಡಿದಿದ್ದಳು, ಅದನ್ನು ಯಾರೂ ನೋಡಲಿಲ್ಲ.

ಲಂಡನ್ನಿನಲ್ಲಿ ಇಳಿದ ಮೇಲೂ ಒಂದು ಹಂತ ಇತ್ತು. ಇಟಿಎ ಇದ್ದರೆ ಹೊರಡಬಹುದು ಅಷ್ಟೇ. ಒಳಗೆ ಬಿಡುವ ತೀರ್ಮಾನ ಗಡಿಯ ಅಧಿಕಾರಿಯದ್ದು. ಆಸ್ಟ್ರೇಲಿಯಾದವರು ಅಲ್ಲಿನ ಸ್ವಯಂಚಾಲಿತ ಗೇಟುಗಳಲ್ಲಿ ಹೋಗಬಹುದು, ಆದರೆ ಆಗ 10 ವರ್ಷ ತುಂಬಿರಬೇಕಿತ್ತು. ಚಿನ್ನಿಗೆ 7. ಹಾಗಾಗಿ ಮೂವರೂ ಒಟ್ಟಿಗೆ ಅಧಿಕಾರಿಯ ಸಾಲಿನಲ್ಲೇ ನಿಂತರು. ಪ್ಯಾರಿಸ್ಸಿನಿಂದ ರೈಲಿನಲ್ಲಿ ವಾಪಸ್ ಬರುವಾಗಲೂ ಅಷ್ಟೇ. ಬ್ರಿಟನ್ನಿನ ಗಡಿ ತಪಾಸಣೆ ಪ್ಯಾರಿಸ್ ನಿಲ್ದಾಣದಲ್ಲೇ ನಡೆಯುತ್ತದೆ, ಇಟಿಎ ಅಲ್ಲೂ ಬೇಕು. ಅದೇ ಅನುಮತಿ ಎರಡನೇ ಸಲವೂ ನಡೆಯಿತು.

ಎಲ್ಲಿ ತಪ್ಪಿತು

ಹಣದ ನಷ್ಟ ದೊಡ್ಡದಲ್ಲ. ಏಪ್ರಿಲಿನ 10 ಪೌಂಡ್ ಹೋಯಿತು, ಹೊಸದಕ್ಕೆ 16 ಕಟ್ಟಿದರು. ಆದರೆ ಸುಮಾರು ಒಂದು ದಿನದ ಸಂಕಟ ಇತ್ತಲ್ಲ, ಅದನ್ನು ನಾನು ಸಣ್ಣದು ಅನ್ನಲಾರೆ.

ಪಾಸ್‌ಪೋರ್ಟ್ ಅವಧಿ ಆರು ತಿಂಗಳಿಗಿಂತ ಕಮ್ಮಿ ಇದ್ದರೆ ಮೊದಲು ಪಾಸ್‌ಪೋರ್ಟ್, ಆಮೇಲೆ ಇಟಿಎ ಅನ್ನುವುದು ನನ್ನ ಸಲಹೆ. ಆ ಕ್ರಮ ತಿರುವುಮುರುವಾದದ್ದೇ ಇಲ್ಲಿ ಆದ ತಪ್ಪು. ಹೇಗೂ ಐದೂವರೆ ತಿಂಗಳಿಗೆ ಸಾಯುವ ಪಾಸ್‌ಪೋರ್ಟ್ ಮೇಲೆ 2 ವರ್ಷದ ಅನುಮತಿ ತಗೊಂಡರೆ ಸಿಗುವುದು ಐದೂವರೆ ತಿಂಗಳೇ. ಶುಲ್ಕ ಏರುವ ಮುಂಚೆ ಮುಗಿಸಬೇಕು ಅನ್ನುವ ಅವಸರದಲ್ಲಿ ಈ ಲೆಕ್ಕ ಯಾರೂ ಹಾಕಲಿಲ್ಲ. ಅಕ್ಕನ ಜಾಗದಲ್ಲಿ ನಾನಿದ್ದಿದ್ದರೂ ಹಾಕುತ್ತಿರಲಿಲ್ಲವೇನೋ.

ಇನ್ನೊಂದು, ಹೊಸ ಪಾಸ್‌ಪೋರ್ಟ್ ಮನೆಗೆ ಬಂದ ದಿನ. ಆವತ್ತು ಎಲ್ಲರೂ ಫೋಟೊ ನೋಡಿ ಖುಷಿಪಟ್ಟು ಡ್ರಾಯರಿಗೆ ಹಾಕಿದರು. ಹಳೆಯ ಸಂಖ್ಯೆ ಎಲ್ಲೆಲ್ಲಿ ಕೊಟ್ಟಿದ್ದೇವೆ ಅಂತ ಕೂತು ನೆನೆಸಿಕೊಳ್ಳಬೇಕಾದ ದಿನ ಅದು: ಟಿಕೆಟ್, ಇಟಿಎ, ಬೇರೆ ದೇಶದ ಅನುಮತಿ, ಇನ್ನೂ ಏನೇನೋ. ಐದು ನಿಮಿಷದ ಕೆಲಸ.

ಅಕ್ಕ ಈಗ ಪಾಸ್‌ಪೋರ್ಟ್ ಇಡುವ ಚೀಲದಲ್ಲಿ ಒಂದು ಹಾಳೆ ಇಟ್ಟಿದ್ದಾಳೆ. ಪ್ರತಿಯೊಬ್ಬರ ಹೆಸರಿನ ಮುಂದೆ ಪಾಸ್‌ಪೋರ್ಟ್ ಸಂಖ್ಯೆಯ ಕೊನೆಯ ಮೂರಂಕಿ, ಅವಧಿ ಮುಗಿಯುವ ದಿನ, ಆ ಸಂಖ್ಯೆಯ ಮೇಲೆ ತಗೊಂಡಿರುವ ಅನುಮತಿ. ಮೊನ್ನೆ ನಾನು ಹೋದಾಗ ತೋರಿಸಿದಳು. ಅವಳ ಇಟಿಎ ಮುಂದೆ ಮೊದಲು 2027ರ ಏಪ್ರಿಲ್ 5 ಅಂತ ಬರೆದಿತ್ತು. ಅವಳ ಪಾಸ್‌ಪೋರ್ಟ್ ಮುಗಿಯುವುದು 2026ರ ನವೆಂಬರಿನಲ್ಲಿ. ಏಪ್ರಿಲ್ ತಾರೀಖನ್ನು ಹೊಡೆದು ಹಾಕಿ, ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ನವೆಂಬರ್ ಅಂತ ತಿದ್ದಿಕೊಂಡಿದ್ದಳು.